ಕಾರಿನ ಒಡಲಲ್ಲಿ ಕೆಸರು

ಇಂಜಿನ್ ಕಾದಾಗ ನೀರು ಹೊಯ್ಯುವುದು ಸುಲಭ. ಒಳಗಿನ ನೀರು ಏಕೆ ಕೆಟ್ಟಿತೆಂದು ಅರಿಯುವುದೇ ನಿಜವಾದ ಚಿಕಿತ್ಸೆ.

ಭಾನುವಾರದ ಬೆಳಗು. ಬಸವೇಶ್ವರನಗರದ ಒಂದು ಮನೆಯಿಂದ ಮೈಸೂರಿಗೆ ಹೊರಟ ಕಾರೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಂದಿನ ಆಸನಗಳಲ್ಲಿ ಮನೆಯ ಯಜಮಾನರು ಮತ್ತು ಅವರ ವೃದ್ಧ ತಂದೆ. ಹಿಂದೆ ಅಜ್ಜಿ, ಸೊಸೆ, ಹತ್ತು ವರ್ಷದ ಮೊಮ್ಮಗಳು. ಅಜ್ಜಿಯ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ಕಾಲ ಬಳಿ ಮೊಸರನ್ನದ ಪಾತ್ರೆ. ವಿಜಯನಗರದ ಸಂದಣಿಯಲ್ಲಿ ಆಮೆಯಂತೆ ತೆವಳಿ, ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ಬಹಳ ಹೊತ್ತು ನಿಂತು, ಅಂತೂ ಕಾರು ಕೆಂಗೇರಿಯನ್ನು ದಾಟುತ್ತದೆ. ಅಲ್ಲಿಯವರೆಗೆ ಯಾವ ತೊಂದರೆಯೂ ಇಲ್ಲ. ದಾರಿ ಬಿಚ್ಚಿಕೊಂಡು, ವೇಗ ಏರಿ, ಹುಡುಗಿ ಹಾಡಲು ತೊಡಗುವ ಹೊತ್ತಿಗೆ ಸರಿಯಾಗಿ, ಉಷ್ಣಮಾಪಕದ ಮುಳ್ಳು ಮೆಲ್ಲಮೆಲ್ಲನೆ ಮೇಲೇರಿ ಕೆಂಪು ಗೆರೆಯನ್ನು ಮುಟ್ಟುತ್ತದೆ. ಬಾನೆಟ್ಟಿನ ಸಂದಿಯಿಂದ ಬಿಳಿಯ ಆವಿ ಹೊರಬೀಳುತ್ತದೆ.

ಯಜಮಾನರು ಗಾಡಿಯನ್ನು ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಕೈಗೊಂದು ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಾರೆ.

"ರೀ, ಬೇಡ! ಕುಕ್ಕರು ಕೂಗ್ತಾ ಇರೋವಾಗ ಯಾರಾದ್ರೂ ಮುಚ್ಚಳ ತೆಗೀತಾರಾ?" ಎಂದು ಹಿಂದಿನಿಂದ ಪತ್ನಿ ಕೂಗುತ್ತಾರೆ.

ಆ ಒಂದು ಮಾತು ಗಂಡನ ಮುಖವನ್ನೂ ಕಣ್ಣುಗಳನ್ನೂ ಕಾಪಾಡಿತೆನ್ನಬೇಕು. ಮೋಟಾರು ಶಾಸ್ತ್ರವನ್ನು ಅವರು ಓದಿದವರಲ್ಲ. ಆದರೆ ಅಡಿಗೆಯ ಮನೆಯಲ್ಲಿ ದಿನವೂ ಕಾಣುವ ಸತ್ಯವೇ ರೇಡಿಯೇಟರಿಗೂ ಅನ್ವಯಿಸುತ್ತದೆ.

ಕುಕ್ಕರಿನ ನೀತಿ

ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಆದುದರಿಂದ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿದುಬಿಡುತ್ತದೆ. ಈಗಿನ ಕಾರುಗಳ ಇಂಜಿನ್ನಾದರೋ ೮೫ರಿಂದ ೧೦೫ ಡಿಗ್ರಿಗಳ ನಡುವೆ ಕೆಲಸಮಾಡುವಂತೆ ರಚಿತವಾಗಿದೆ. ಒಳಗಿನ ನೀರು ಕುದಿಯದಿರಬೇಕಾದರೆ ಅದನ್ನು ಒತ್ತಡದಲ್ಲಿಡಬೇಕು. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಈ ಕೆಲಸವನ್ನು ಮಾಡುತ್ತದೆ. ಸಾಮಾನ್ಯವಾಗಿ ಅದು ವಾಯುಮಂಡಲದ ಒತ್ತಡದ ಮೇಲೆ ಮತ್ತೊಂದರಷ್ಟು ಒತ್ತಡವನ್ನು ತಡೆಹಿಡಿಯುತ್ತದೆ. ಹೀಗಾಗಿ ನೀರಿನ ಕುದಿಬಿಂದು ೧೨೦ ಡಿಗ್ರಿಯ ಸಮೀಪಕ್ಕೆ ಏರುತ್ತದೆ.

ಕಾದ ಇಂಜಿನ್ನಿನ ಮುಚ್ಚಳವನ್ನು ತೆರೆದರೆ ಆಗುವುದೇನು? ಒತ್ತಡ ಒಮ್ಮೆಲೇ ಇಳಿಯುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ನೀರಿನ ಒಂದಂಶ ಕ್ಷಣಾರ್ಧದಲ್ಲಿ ಆವಿಯಾಗಿ, ಉಳಿದ ಕುದಿನೀರನ್ನೂ ಹೊತ್ತುಕೊಂಡು ತೆರೆದವನ ಮುಖಕ್ಕೆ ಚಿಮ್ಮುತ್ತದೆ. ಕೈಗೆ ಸುತ್ತಿದ ಬಟ್ಟೆ ಯಾವ ರಕ್ಷಣೆಯನ್ನೂ ಕೊಡಲಾರದು. ಆದುದರಿಂದ ಮುಳ್ಳು ಕೆಂಪಿಗೆ ಏರಿದೊಡನೆ ಗಾಡಿಯನ್ನು ಬದಿಗೆ ತಂದು ಇಂಜಿನ್ ನಿಲ್ಲಿಸಬೇಕು. ಜನರು ರಸ್ತೆಯಿಂದ ದೂರ, ಸುರಕ್ಷಿತವಾದ ಕಡೆ ನಿಲ್ಲಬೇಕು. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಬೇಕು. ಮೇಲಿನ ರಬ್ಬರ್ ಹೋಸ್ ಮುಟ್ಟಿದರೆ ತಣ್ಣಗಿದೆಯೆಂದು ಖಚಿತವಾಗುವವರೆಗೆ ಮುಚ್ಚಳದ ಗೊಡವೆಗೆ ಹೋಗಬಾರದು. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯುವುದೂ ತಪ್ಪು. ಕಾದ ಕಾವಲಿಯ ಮೇಲೆ ನೀರು ಬಿದ್ದಂತೆ ಲೋಹ ತಟ್ಟನೆ ಕುಗ್ಗಿ, ಸಿಲಿಂಡರಿನ ತಲೆ ಸೊಟ್ಟಗಾಗಬಹುದು ಅಥವಾ ಸೀಳಬಹುದು.

ಬೆಂಕಿಯ ಪಕ್ಕದಲ್ಲಿ ನೀರು

ಪೆಟ್ರೋಲು ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ ೨,೦೦೦ ಡಿಗ್ರಿಯನ್ನೂ ಮೀರುತ್ತದೆ. ಅಲ್ಯೂಮಿನಿಯಂ ಕರಗಲು ೬೬೦ ಡಿಗ್ರಿ ಸಾಕು. ಹಾಗಿದ್ದೂ ಇಂಜಿನ್ ಕರಗದೆ ಉಳಿದಿರುವುದು ಅದರ ಗೋಡೆಗಳ ಹಿಂದೆ ಸದಾ ಹರಿಯುವ ನೀರಿನ ಪುಣ್ಯದಿಂದ. ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಗಾಡಿಯನ್ನು ಓಡಿಸಿದರೆ, ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಮತ್ತೊಂದು ಪಾಲಿನಷ್ಟು ಶಾಖವನ್ನು ಈ ನೀರೇ ಹೊತ್ತು ರೇಡಿಯೇಟರಿಗೆ ಒಯ್ಯಬೇಕು.

ಮೋಟಾರು ಗಾಡಿಯ ಬಾಲ್ಯದಲ್ಲಿ ಈ ಕೆಲಸ ಸುಲಭವಾಗಿರಲಿಲ್ಲ. ಕಾರ್ಲ್ ಬೆಂಜ್‌ನ ಮೊದಲ ಗಾಡಿಗಳಲ್ಲಿ ನೀರು ಆವಿಯಾಗಿ ಹಾರಿಹೋಗುವುದರಿಂದಲೇ ಇಂಜಿನ್ ತಣಿಯುತ್ತಿತ್ತು. ೧೮೮೮ರಲ್ಲಿ ಆತನ ಪತ್ನಿ ಬರ್ತಾ ಬೆಂಜ್ ಇಬ್ಬರು ಪುತ್ರರೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಪ್ರಯಾಣ ಕೈಗೊಂಡಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ೧೯೦೦ರ ಕೊನೆಯಲ್ಲಿ ಸಿದ್ಧವಾದ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಕ್ ಜೇನುಗೂಡಿನಂಥ ರೇಡಿಯೇಟರನ್ನು ರಚಿಸಿದ. ಅದರಲ್ಲಿ ೮,೦೭೦ ಪುಟ್ಟ ಕೊಳವೆಗಳಿದ್ದವು. ಕೇವಲ ೯ ಲೀಟರ್ ನೀರು ಇಡೀ ಇಂಜಿನ್ನನ್ನು ತಣಿಸಿತು.

ಈಗಿನ ರೇಡಿಯೇಟರಿನಲ್ಲಿ ನೀರು ಅತಿ ತೆಳುವಾದ ಚಪ್ಪಟೆ ಕೊಳವೆಗಳೊಳಗೆ ಹರಿಯುತ್ತದೆ. ಅವುಗಳ ನಡುವಿನ ತಗಡಿನ ನೆರಿಗೆಗಳ ಮೂಲಕ ಗಾಳಿ ಬೀಸುತ್ತದೆ. ಕೊಳವೆ ಎಷ್ಟು ತೆಳುವೋ ತಂಪು ಅಷ್ಟು ಚೆನ್ನ. ಆದರೆ ಕೊಳವೆ ಎಷ್ಟು ತೆಳುವೋ ಅದು ಕಟ್ಟಿಕೊಳ್ಳುವುದೂ ಅಷ್ಟೇ ಬೇಗ. ಕೆಂಗೇರಿಯ ಆಚೆ ನಿಂತ ಕಾರಿನ ಕಥೆಗೆ ಇದೇ ಕೀಲಿ.

ಕಾವೇರಿದ ಕಾರು, ಕಾವೇರಿಯ ನೀರು

ನಗರದ ಪಶ್ಚಿಮ ಭಾಗ ನೀರಿಗಾಗಿ ಕಾದ ಕಥೆ ದೊಡ್ಡದು. ಅರ್ಕಾವತಿ ಮತ್ತು ಕುಮುದ್ವತಿಗಳು ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ೧೯೪೯ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕೆಯ ಉಪನಗರ ತಲೆಯೆತ್ತಿತು. ೧೯೭೪ರಲ್ಲಿ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಎತ್ತರವನ್ನು ಏರಿ ಬೆಂಗಳೂರಿಗೆ ಬಂದಿತು. ಆದರೆ ಊರು ನೀರಿಗಿಂತ ವೇಗವಾಗಿ ಬೆಳೆಯಿತು. ನಲ್ಲಿಯ ನೀರು ಸಾಲದ ಬೀದಿಗಳಲ್ಲಿ ಮನೆಮನೆಗೂ ಕೊಳವೆಬಾವಿ ಇಳಿಯಿತು.

ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಸುಣ್ಣವನ್ನೂ ಮೆಗ್ನೀಷಿಯಂ ಲವಣವನ್ನೂ ಕರಗಿಸಿಕೊಂಡಿರುತ್ತದೆ. ಇದನ್ನೇ ಗಡಸು ನೀರೆನ್ನುವುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಲ್ಲಿ ೬೦೦ರವರೆಗೆ ಒಪ್ಪಬಹುದು. ಗಡಸು ನೀರಿನ ಗುರುತನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಬಚ್ಚಲಮನೆಯ ಹಂಡೆಯೊಳಗೆ ಕಟ್ಟಿದ ಬಿಳಿಯ ಪದರ, ಗೀಸರಿನ ಸುರುಳಿಗೆ ಹಿಡಿದ ಹೆಕ್ಕಳೆ, ಎಷ್ಟು ತಿಕ್ಕಿದರೂ ನೊರೆಯೇಳದ ಸಾಬೂನು, ಎಲ್ಲವೂ ಅದನ್ನೇ ಸಾರುತ್ತವೆ. ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಬೇರ್ಪಟ್ಟು, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಕಲ್ಲಾಗಿ ಅಂಟಿಕೊಳ್ಳುತ್ತದೆ. ಲೋಹಕ್ಕೆ ಹೋಲಿಸಿದರೆ ಈ ಪದರ ಶಾಖವನ್ನು ಹತ್ತಾರು ಪಟ್ಟು ಕಡಿಮೆ ದಾಟಿಸುತ್ತದೆ. ಹಂಡೆಯಲ್ಲಾದರೆ ನಷ್ಟ ಒಂದಿಷ್ಟು ಸೌದೆಯದು. ಇಂಜಿನ್ನಿನಲ್ಲಾದರೆ ನಷ್ಟ ಇಂಜಿನ್ನಿನದೇ.

ನಮ್ಮ ಕಾರಿನ ಅಜ್ಜನವರಿಗೆ ಒಂದು ಹಳೆಯ ಅಭ್ಯಾಸ. ಪ್ರತಿ ಭಾನುವಾರ ಸ್ನಾನಕ್ಕೆ ಮೊದಲು ಬಾನೆಟ್ ಎತ್ತಿ, ನೀರು ಕಡಿಮೆಯಾಗಿದ್ದರೆ ಒಂದು ತಂಬಿಗೆ ಹೊಯ್ಯುವುದು. ಫಿಯಟ್ಟು, ಅಂಬಾಸಡರುಗಳ ಕಾಲದಲ್ಲಿ ಅದು ಒಳ್ಳೆಯ ಚಾಲಕನ ಲಕ್ಷಣವೇ ಆಗಿತ್ತು. ಆದರೆ ಲೆಕ್ಕ ಹಾಕಿ ನೋಡಬೇಕು. ಲೀಟರಿಗೆ ೫೦೦ ಮಿಲಿಗ್ರಾಂ ಗಡಸುತನದ ನೀರನ್ನು ವಾರಕ್ಕೆ ಅರ್ಧ ಲೀಟರಿನಂತೆ ಹೊಯ್ದರೆ ವರ್ಷಕ್ಕೆ ೨೬ ಲೀಟರ್. ಅದರೊಡನೆ ೧೩ ಗ್ರಾಂ ಸುಣ್ಣ. ಇದೆಲ್ಲವೂ ಪದರವಾಗಿ ಕೂರುವುದಿಲ್ಲವೆಂಬುದು ನಿಜ. ಆದರೆ ಆವಿಯಾಗಿ ಹೋಗುವ ನೀರು ತನ್ನ ಸುಣ್ಣವನ್ನು ಒಳಗೇ ಬಿಟ್ಟುಹೋಗುತ್ತದೆ. ಕೂದಲೆಳೆಯಷ್ಟು ಇಕ್ಕಟ್ಟಾದ ದಾರಿಗಳಿಗೆ ಅಷ್ಟೇ ಹೆಚ್ಚು.

"ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲೆಂಟ್ ಏತಕ್ಕೆ?" ಎಂದು ಕೇಳುವವರುಂಟು. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ ೧೮೮೪ರ ಜನವರಿ ೧೩ರ ೭.೮ ಡಿಗ್ರಿ, ನೀರು ಹೆಪ್ಪುಗಟ್ಟುವ ಭಯ ಇಲ್ಲಿಲ್ಲವೆಂಬುದು ಸರಿಯೇ. ಆದರೆ ಕೂಲೆಂಟಿನ ಕೆಲಸ ಅದೊಂದೇ ಅಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ. ಅದರೊಡನೆ ಬೆರೆಸಿದ ಲವಣಗಳು ಲೋಹಕ್ಕೆ ಕವಚವಾಗಿ ನಿಂತು ತುಕ್ಕನ್ನು ತಡೆಯುತ್ತವೆ. ಇಂಜಿನ್ನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ನೆನೆದಿರುತ್ತವೆ. ಲವಣಭರಿತ ನೀರಾದರೆ ಅವುಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ತೊಡಗಿ, ಒಂದು ಲೋಹ ಸವೆಯುತ್ತ ಹೋಗುತ್ತದೆ. ವಾರವಾರವೂ ಬರಿಯ ನೀರು ಹೊಯ್ದರೆ ಕೂಲೆಂಟು ತಿಳಿಯಾಗಿ, ಅದರ ಕಾವಲು ಹೆಸರಿಗಷ್ಟೇ ಉಳಿಯುತ್ತದೆ.

ಮೊದಲು ನಿದಾನ, ಆಮೇಲೆ ಶೋಧನ

ತಣಿದ ಕಾರನ್ನು ಎಳೆದೊಯ್ಯುವ ಗಾಡಿಯಲ್ಲಿ ರಾಜಾಜಿನಗರದ ಗ್ಯಾರೇಜಿಗೆ ತಂದರೆನ್ನೋಣ. "ರೇಡಿಯೇಟರ್ ಚೆನ್ನಾಗಿ ತೊಳೆದುಬಿಡಿ" ಎನ್ನುತ್ತಾರೆ ಯಜಮಾನರು. ಅನುಭವಸ್ಥ ಮೆಕ್ಯಾನಿಕ್ ತಲೆಯಾಡಿಸುತ್ತಾನೆ: "ತೊಳೆಯೋದು ಆಮೇಲೆ ಸಾರ್. ಗಲೀಜು ಎಲ್ಲಿಂದ ಬಂತು ಅಂತ ಮೊದಲು ನೋಡೋಣ."

ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ನಿದಾನವಿಲ್ಲದೆ ಭೇದಿಗೆ ಕೊಡುವ ವೈದ್ಯನೂ, ಕಾರಣ ಹುಡುಕದೆ ರೇಡಿಯೇಟರ್ ತೊಳೆಯುವ ಮೆಕ್ಯಾನಿಕ್ಕೂ ಒಂದೇ. ಇವತ್ತು ತೊಳೆದದ್ದು ಮುಂದಿನ ತಿಂಗಳು ಮತ್ತೆ ಕೆಡುತ್ತದೆ.

ಮೊದಲ ಸುಳಿವು ರಸ್ತೆಯಲ್ಲಿಯೇ ಸಿಕ್ಕಿದೆ. ನಿಂತು ನಿಂತು ಸಾಗುವಾಗ ಕಾದು, ವೇಗ ಹಿಡಿದೊಡನೆ ತಣಿಯುವ ಕಾರಿನಲ್ಲಿ ದೋಷ ಹೆಚ್ಚಾಗಿ ಫ್ಯಾನಿನದು. ಓಟದ ಗಾಳಿ ಆ ಕೊರತೆಯನ್ನು ತುಂಬಿಬಿಡುತ್ತದೆ. ಸಂದಣಿಯಲ್ಲಿ ಸರಿಯಾಗಿದ್ದು, ವೇಗದಲ್ಲಿಯೂ ಏರುದಾರಿಯಲ್ಲಿಯೂ ಕಾಯುವ ಕಾರಿನಲ್ಲಿ ನೀರಿನ ಹರಿವೇ ಸಾಲದಾಗಿದೆ. ಆಗ ಕಟ್ಟಿದ ರೇಡಿಯೇಟರು, ಪೂರ್ತಿ ತೆರೆಯದ ಥರ್ಮೋಸ್ಟಾಟು, ಸವೆದ ವಾಟರ್ ಪಂಪು, ಇವುಗಳ ಮೇಲೆ ಸಂಶಯ. ನಾಯಂಡಹಳ್ಳಿಯಲ್ಲಿ ತೆಪ್ಪಗಿದ್ದು ಕೆಂಗೇರಿಯಾಚೆ ಮುನಿದ ಕಾರು ಈ ಎರಡನೆಯ ಜಾತಿಯದು.

ಎರಡನೆಯ ಸುಳಿವು ನೀರಿನಲ್ಲಿದೆ. ಇದನ್ನು ಮನೆಯಲ್ಲಿಯೂ ನೋಡಬಹುದು. ಇಂಜಿನ್ ಸಂಪೂರ್ಣ ತಣ್ಣಗಿರುವಾಗ ಸ್ವಲ್ಪ ಕೂಲೆಂಟನ್ನು ಗಾಜಿನ ಬಾಟಲಿಗೆ ತೆಗೆದು, ಭದ್ರವಾಗಿ ಮುಚ್ಚಿ, "ವಿಷ" ಎಂದು ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ಬೆಳಗ್ಗೆ ನೋಡಿದರೆ ಸಂಗತಿ ತಾನಾಗಿ ತಿಳಿಯುತ್ತದೆ.

ಗೋಪಿಚಂದನದ ಬಣ್ಣದ ಕೆಸರು ತಳದಲ್ಲಿ ಕುಳಿತಿದ್ದರೆ ಅದು ತುಕ್ಕು: ಕೂಲೆಂಟಿನ ಶಕ್ತಿ ತೀರಿ, ಇಂಜಿನ್ನಿನ ಕಬ್ಬಿಣ ಕರಗುತ್ತಿದೆ. ಬಿಳಿಯ ಪುಡಿ, ಚೂರುಗಳಿದ್ದರೆ ಸುಣ್ಣ: ಗಡಸು ನೀರು ಒಳಹೊಕ್ಕಿದೆ. ಲೋಳೆಯಂಥ ಗಂಟುಗಳಿದ್ದರೆ, ಒಂದಕ್ಕೊಂದು ಒಗ್ಗದ ಎರಡು ಬಗೆಯ ಕೂಲೆಂಟುಗಳನ್ನು ಬೆರೆಸಿರಬಹುದು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಕೂಲೆಂಟ್ ಕೊಳ್ಳುವುದು ಸಲ್ಲದು. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕಾರಿನ ಕೈಪಿಡಿ ಹೇಳುವ ಜಾತಿಯೇ ಪ್ರಮಾಣ.

ಹಳದಿ ಬಣ್ಣದ ಗಸಿ ಕಂಡರೆ ಅಡಿಗೆಯ ಮನೆಯ ಕಡೆಗೇ ಬೆರಳು ತೋರಿಸಬೇಕಾಗುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ನಮ್ಮ ದೇಶದ ಚಾಲಕರ ಹಳೆಯ ಕೈಮದ್ದು. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುತ್ತದೆ, ಗಾಡಿ ಊರು ಸೇರುತ್ತದೆ. ಆದರೆ ಸೋರುವ ತೂತು ಯಾವುದು, ಹರಿಯಬೇಕಾದ ಕೊಳವೆ ಯಾವುದು ಎಂಬ ವಿವೇಚನೆ ಅರಿಶಿನಕ್ಕಿಲ್ಲ. ಅದು ಎರಡನ್ನೂ ಮುಚ್ಚುತ್ತದೆ.

ಎಲ್ಲಕ್ಕಿಂತ ಕಳವಳಕಾರಿಯಾದದ್ದು, ಬಾಟಲಿಯ ಮೇಲ್ಭಾಗದಲ್ಲಿ ತೇಲುವ ಜಿಡ್ಡು ಅಥವಾ ಇಡೀ ನೀರು ಹಾಲು ಬೆರೆಸಿದ ಕಾಫಿಯಂತೆ ಮಂದವಾಗಿರುವುದು. ಎಂದರೆ, ಎಂದೂ ಕೂಡಬಾರದ ಎಣ್ಣೆ ಮತ್ತು ನೀರು ಕೂಡಿವೆ. ಇಂಜಿನ್ನಿನ ಬುಡಕ್ಕೂ ತಲೆಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಹಾಳೆಯುಂಟು. ಬೆಂಕಿ, ಎಣ್ಣೆ, ನೀರು ಈ ಮೂರರ ದಾರಿಗಳನ್ನೂ ಬೇರೆ ಬೇರೆಯಾಗಿ ಕಾಯುವುದು ಅದೇ. ಒಮ್ಮೆ ಅತಿಯಾಗಿ ಕಾದ ಇಂಜಿನ್ನಿನಲ್ಲಿ ಅದು ಸುಟ್ಟು ಸೀಳುವುದುಂಟು. ಓಡುವಾಗ ಎಣ್ಣೆಯ ಒತ್ತಡ ಹೆಚ್ಚಾದುದರಿಂದ ಎಣ್ಣೆ ನೀರಿಗೆ ನುಗ್ಗುತ್ತದೆ. ನಿಂತ ಮೇಲೆ ನೀರಿನ ಒತ್ತಡ ಇನ್ನೂ ಉಳಿದಿರುವುದರಿಂದ ನೀರು ಎಣ್ಣೆಗೆ ಇಳಿಯಬಹುದು. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ಕಾಯಲಾರದು. ಆದುದರಿಂದ ಎಣ್ಣೆಯ ಅಳತೆಯ ಕಡ್ಡಿಯನ್ನೂ ಹೊರತೆಗೆದು ನೋಡಬೇಕು. ಅದರ ಮೇಲೆ ಮಜ್ಜಿಗೆಯಂಥ ಲೇಪವಿದ್ದರೆ ಇಂಜಿನ್ನನ್ನು ಮತ್ತೆ ಚಾಲೂ ಮಾಡುವುದೇ ಅಪಾಯ. ಎಣ್ಣೆ ತುಂಬುವ ಮುಚ್ಚಳದ ಕೆಳಗೆ ಮಾತ್ರ ಚೂರು ಬಿಳಿ ನೊರೆ ಕಂಡರೆ ಗಾಬರಿ ಬೇಡ. ದಿನವೂ ಅರ್ಧ ಮೈಲಿಯಷ್ಟೇ ಓಡುವ ಕಾರಿನಲ್ಲಿ ಅದು ಬರಿಯ ಇಬ್ಬನಿಯಾಗಿರಬಹುದು.

ಹಾಗೆಂದು ಎಣ್ಣೆ ಕಂಡೊಡನೆ ಗ್ಯಾಸ್ಕೆಟ್ಟಿಗೇ ತೀರ್ಪು ಕೊಡುವುದೂ ಅವಸರ. ಅನೇಕ ಇಂಜಿನ್ನುಗಳಲ್ಲಿ, ಅದರಲ್ಲಿಯೂ ಡೀಸಲಿನವುಗಳಲ್ಲಿ, ಎಣ್ಣೆಯನ್ನು ತಣಿಸುವ ಆಯಿಲ್ ಕೂಲರಿನೊಳಗೂ ಇದೇ ನೀರು ಹರಿಯುತ್ತದೆ. ಅದರ ಒಂದು ಸೀಲು ಹೋಗಿದ್ದರೂ ಲಕ್ಷಣ ಹೀಗೆಯೇ. ಕೆಲವು ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರಿನ ಎಣ್ಣೆ ರೇಡಿಯೇಟರಿನ ಒಳಗೇ ತಣಿಯುತ್ತದೆ. ಅಲ್ಲಿ ಬಿರುಕು ಬಿಟ್ಟರೆ ನೀರು ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗುವುದುಂಟು. ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಬೇರೆ ಸಾಕ್ಷಿಗಳೂ ಸಿಗುತ್ತವೆ: ಕೂಲೆಂಟ್ ಡಬ್ಬಿಯಲ್ಲಿ ಎಡೆಬಿಡದ ಗುಳ್ಳೆ; ತಣ್ಣನೆಯ ಇಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕಲ್ಲಿನಂತೆ ಬಿಗಿಯುವ ಹೋಸು; ಸಿಹಿವಾಸನೆಯ ಬಿಳಿ ಹೊಗೆ. ಗ್ಯಾರೇಜಿನಲ್ಲಿ ಇದಕ್ಕೊಂದು ನೀಲಿ ದ್ರವದ ಪರೀಕ್ಷೆಯುಂಟು. ರೇಡಿಯೇಟರಿನ ಮೇಲಣ ಗಾಳಿಯನ್ನು ಅದರ ಮೂಲಕ ಹೀರಿದಾಗ ನೀಲಿ ಹಳದಿಗೆ ತಿರುಗಿದರೆ, ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆಯೆಂದು ಅರ್ಥ.

ನಮ್ಮ ಕಾರಿನ ಬಾಟಲಿಯಲ್ಲಿ ಜಿಡ್ಡಿಲ್ಲ. ಕೆಂಪು ಕೆಸರು, ಬಿಳಿಯ ಪುಡಿ ಎರಡೂ ಇವೆ. ನೀಲಿ ದ್ರವ ನೀಲಿಯಾಗಿಯೇ ಉಳಿದಿದೆ. ಮೆಕ್ಯಾನಿಕ್ ಅಜ್ಜನವರ ಕಡೆಗೆ ತಿರುಗುತ್ತಾನೆ.

"ಯಾವ ನೀರು ಹಾಕ್ತಿದ್ರಿ ಯಜಮಾನ್ರೆ?"

"ಮನೆ ಬೋರಿನ ನೀರಪ್ಪ. ವಾರ ವಾರ ತಪ್ಪದೆ ಹಾಕ್ತಾ ಬಂದಿದೀನಿ."

"ವಾರ ವಾರ ಹಾಕಬೇಕಾದ್ರೆ, ಅದು ಎಲ್ಲಿಗೋ ಹೋಗ್ತಾ ಇರಬೇಕಲ್ಲ?"

ಈ ಪ್ರಶ್ನೆಯೇ ಎಲ್ಲಕ್ಕೂ ಮೂಲ. ಈಗಿನ ಕಾರಿನ ತಂಪು ವ್ಯವಸ್ಥೆ ಮುಚ್ಚಿದ ಗಡಿಗೆಯಿದ್ದಂತೆ. ಅದರಲ್ಲಿ ನೀರು ವಾರವಾರ ಕಡಿಮೆಯಾಗಕೂಡದು. ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದಾಗ ಕೆಳಗಿನ ಹೋಸಿನ ಕ್ಲಿಪ್ಪಿನ ಬಳಿ ಹನಿಯೊಂದು ಮೂಡುತ್ತದೆ. ಸುತ್ತಲೂ ಒಣಗಿದ ಬಿಳಿಯ ಕಲೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಒಸರಿದ ನೀರು ನೆಲಕ್ಕೆ ಬೀಳುವ ಮುನ್ನವೇ ಆರಿಹೋಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಜ್ಜನವರ ಮಮತೆಯ ತಂಬಿಗೆ ಆ ಸೋರಿಕೆಯನ್ನು ಮರೆಮಾಡಿತ್ತು. ಜೊತೆಗೆ ಒಳಗೆ ಸುಣ್ಣವನ್ನೂ ತುಂಬಿತ್ತು.

ತೊಳೆಯುವ ವಿಧಾನ

ಕಾರಣ ತಿಳಿದ ಮೇಲೆ ಕ್ಲಿಪ್ಪು, ಹಳತಾದ ಹೋಸು, ಮುಚ್ಚಳ ಇವುಗಳನ್ನು ಬದಲಾಯಿಸಿ ತೊಳೆಯಲು ತೊಡಗಬಹುದು. ತಣ್ಣನೆಯ ಇಂಜಿನ್ನಿನ ಕೆಳಗೆ ಅಗಲವಾದ ಬೋಗುಣಿಯಿಟ್ಟು, ರೇಡಿಯೇಟರಿನ ತಳದ ತಿರುಪನ್ನು ಬಿಚ್ಚಿ ಹಳೆಯ ನೀರನ್ನೆಲ್ಲ ಹಿಡಿಯಬೇಕು. ಬಳಿಕ ಶುದ್ಧವಾದ ಮೃದು ನೀರನ್ನು ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಇಂಜಿನ್ ಓಡಿಸಬೇಕು. ಥರ್ಮೋಸ್ಟಾಟ್ ತೆರೆಯುವವರೆಗೆ ಇಂಜಿನ್ನಿನ ನೀರು ರೇಡಿಯೇಟರಿಗೆ ಬರುವುದೇ ಇಲ್ಲ. ಬಹಳಷ್ಟು ಕಾರುಗಳಲ್ಲಿ ಮೇಲಿನ ಹೋಸು ಬಿಸಿಯಾಗುವುದೇ ಅದು ತೆರೆದುದರ ಗುರುತು. ಆಮೇಲೆ ಇಂಜಿನ್ ನಿಲ್ಲಿಸಿ, ಪೂರ್ತಿ ತಣಿದ ಬಳಿಕ ಮತ್ತೆ ಖಾಲಿಮಾಡಬೇಕು.

ಒಂದೇ ಸಲಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ರೇಡಿಯೇಟರ್ ಖಾಲಿಯಾದರೂ ಇಂಜಿನ್ನಿನ ಒಡಲಲ್ಲಿ, ಹೀಟರಿನ ಕೊಳವೆಗಳಲ್ಲಿ ಸಾಕಷ್ಟು ನೀರು ನಿಂತಿರುತ್ತದೆ. ಪ್ರತಿ ಸಲವೂ ಅರ್ಧ ಉಳಿಯಿತೆಂದುಕೊಂಡರೆ, ನಾಲ್ಕು ಸಲ ತೊಳೆದ ಮೇಲೆ ಹಳೆಯದರಲ್ಲಿ ಉಳಿಯುವುದು ೧೬ರಲ್ಲಿ ಒಂದು ಪಾಲು. ಹೊರಬರುವ ನೀರು ತಿಳಿಯಾಗುವವರೆಗೆ ಬಿಡದೆ ತೊಳೆಯುವುದೇ ಸರಿ.

ಗಟ್ಟಿಯಾದ ಸುಣ್ಣಕ್ಕೂ ತುಕ್ಕಿಗೂ ಬರಿಯ ನೀರು ಸಾಲದು. ಸಿಟ್ರಿಕ್ ಆಮ್ಲದಂಥ ಸೌಮ್ಯ ಆಮ್ಲವುಳ್ಳ ಶೋಧಕಗಳು ಅಂಗಡಿಯಲ್ಲಿ ದೊರೆಯುತ್ತವೆ. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನೂ ಅವಧಿಯನ್ನೂ ಮೀರದೆ ಬಳಸಿ, ಬಳಿಕ ಹಲವು ಸಲ ಬರಿಯ ನೀರಿನಿಂದ ತೊಳೆಯಬೇಕು. ಹಿಂದೆ ತಾಮ್ರ, ಹಿತ್ತಾಳೆಗಳ ರೇಡಿಯೇಟರುಗಳಿದ್ದ ಕಾಲದಲ್ಲಿ ಸೋಡಾ ಹಾಕಿ ಕುದಿಸುತ್ತಿದ್ದುದುಂಟು. ಈಗಿನ ರೇಡಿಯೇಟರಿನ ತಿರುಳು ಅಲ್ಯೂಮಿನಿಯಂ. ತೀಕ್ಷ್ಣವಾದ ಕ್ಷಾರವೂ ಬಚ್ಚಲು ತೊಳೆಯುವ ಆಮ್ಲವೂ ಅದನ್ನು ತಿಂದುಹಾಕುತ್ತವೆ. ಕೆಳಗಿನಿಂದ ಮೇಲಕ್ಕೆ, ಎಂದರೆ ಮಾಮೂಲು ಹರಿವಿಗೆ ಎದುರಾಗಿ, ಮೆಲುವಾದ ಒತ್ತಡದಲ್ಲಿ ನೀರು ಬಿಟ್ಟರೆ ಸಿಕ್ಕಿಕೊಂಡ ಚೂರುಗಳು ಸಡಿಲುತ್ತವೆ. ಜೋರಾದ ಒತ್ತಡಕ್ಕೆ ಪ್ಲಾಸ್ಟಿಕ್ ತೊಟ್ಟಿಯ ಬೆಸುಗೆ ಬಿಟ್ಟೀತು.

ಎಣ್ಣೆ ಬೆರೆತ ಪ್ರಕರಣ ಇನ್ನೂ ಕಷ್ಟದ್ದು. ಗ್ಯಾಸ್ಕೆಟ್ಟೋ ಕೂಲರೋ ದುರಸ್ತಿಯಾದ ಮೇಲೆಯೇ ತೊಳೆಯಬೇಕು. ಅದಕ್ಕೆಂದೇ ತಯಾರಾದ, ನೊರೆಯೇಳದ ಶೋಧಕವನ್ನು ಬಳಸಬೇಕು. ಪಾತ್ರೆ ತೊಳೆಯುವ ಸಾಬೂನಿನ ನೊರೆ ನೀರಿನ ಹರಿವನ್ನೇ ಕೆಡಿಸುತ್ತದೆ. ಪೆಟ್ರೋಲು, ಡೀಸಲು ಹಾಕಿ ತೊಳೆಯುವ ಸಾಹಸವಂತೂ ಕೂಡದು. ಎಣ್ಣೆ ಕುಡಿದು ಉಬ್ಬಿ ಮೆತ್ತಗಾದ ರಬ್ಬರ್ ಹೋಸುಗಳು ಮತ್ತೆ ಮೊದಲಿನಂತಾಗಲಾರವು. ಅವುಗಳನ್ನು ಬದಲಾಯಿಸುವುದೇ ಮೇಲು. ಕೆಲವು ದಿನ ಓಡಿಸಿ, ಜಿಡ್ಡು ಮತ್ತೆ ಕಂಡರೆ ಮತ್ತೊಮ್ಮೆ ತೊಳೆಯುವ ತಾಳ್ಮೆಯೂ ಬೇಕು.

ಕಡೆಯ ಸಲ ತೊಳೆಯುವುದು ಬಟ್ಟಿ ಇಳಿಸಿದ ನೀರಿನಿಂದಲೇ ಆಗಬೇಕು. ಬ್ಯಾಟರಿಗೆಂದು ಕ್ಯಾನುಗಳಲ್ಲಿ ಮಾರುವ ಈ ನೀರು ದುಬಾರಿಯೇನಲ್ಲ. ಬೋರಿನ ನೀರಿನಲ್ಲಿ ಮುಗಿಸಿದರೆ, ಒಳಗೆ ನಿಂತ ಆ ನೀರೇ ಹೊಸ ಕೂಲ್ಲೆಂಟಿಗೆ ಮೊದಲ ಕಲ್ಮಷವಾಗುತ್ತದೆ. ಆಮೇಲೆ ಕೈಪಿಡಿ ಹೇಳಿದ ಕೂಲೆಂಟನ್ನು ತುಂಬಬೇಕು. ವ್ಯವಸ್ಥೆಯ ಒಟ್ಟು ಅಳತೆ ೬ ಲೀಟರ್, ಬೇಕಾದ ಮಿಶ್ರಣ ಅರ್ಧಕ್ಕರ್ಧ ಎಂದಾದರೆ, ಮೊದಲು ೩ ಲೀಟರ್ ಗಟ್ಟಿ ಕೂಲೆಂಟ್ ಹೊಯ್ದು, ಉಳಿದುದನ್ನು ಬಟ್ಟಿ ನೀರಿನಿಂದ ತುಂಬಬೇಕು. ಏಕೆಂದರೆ ಒಳಗೆ ನಿಂತ ನೀರು ಆಗಲೇ ತನ್ನ ಪಾಲನ್ನು ಸೇರಿಸಿರುತ್ತದೆ. ಕೊನೆಯದಾಗಿ, ಒಳಗೆ ಸಿಕ್ಕ ಗಾಳಿಯನ್ನು ಕಾರಿನ ಕ್ರಮದಂತೆ ಹೊರಹಾಕಬೇಕು. ಗಾಳಿಯ ಗುಳ್ಳೆಯೊಂದು ನಿಂತರೆ ಅಷ್ಟು ಜಾಗಕ್ಕೆ ನೀರು ಮುಟ್ಟದೆ, ತೊಳೆದ ಇಂಜಿನ್ನೂ ಕಾದೀತು.

ಸಿಹಿಯಾದ ವಿಷ

ಬೋಗುಣಿಯಲ್ಲಿ ಹಿಡಿದ ಹಳೆಯ ಕೂಲೆಂಟನ್ನು ಏನು ಮಾಡುವುದು? ಬೀದಿಯ ಚರಂಡಿಗೆ ಚೆಲ್ಲಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಎಥಿಲೀನ್ ಗ್ಲೈಕಾಲಿಗೆ ಸಿಹಿ ರುಚಿಯಿದೆ. ಬಾಯಾರಿದ ನಾಯಿ, ಬೆಕ್ಕುಗಳು ಅದನ್ನು ನೆಕ್ಕುತ್ತವೆ. ಆಟವಾಡುವ ಮಗು ಶರಬತ್ತೆಂದು ಭ್ರಮಿಸೀತು. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಯಾರಾದರೂ ಕುಡಿದರೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ತಂಪು ಪಾನೀಯದ ಖಾಲಿ ಬಾಟಲಿಗಳಲ್ಲಿ ಕೂಲೆಂಟನ್ನು ತುಂಬಿಡುವ ಅಭ್ಯಾಸವನ್ನು ಇಂದೇ ಬಿಡುವುದು ಲೇಸು.

ಚರಂಡಿಗೆ ಚೆಲ್ಲಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ವಿಜಯನಗರದ ಬೀದಿಯ ನೀರು ರಾಜಕಾಲುವೆಯನ್ನು ಹಿಡಿದು ವೃಷಭಾವತಿಯನ್ನು ಸೇರುತ್ತದೆ. ಆ ನದಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಕೂಡುತ್ತದೆ. ಈಗಾಗಲೇ ಊರಿನ ಹೊಲಸನ್ನೆಲ್ಲ ಹೊತ್ತಿರುವ ಆ ತಾಯಿಗೆ ಇನ್ನೊಂದು ಬೋಗುಣಿ ವಿಷವನ್ನು ಸುರಿಯಬೇಕೆ? ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆ, ಕೂಲೆಂಟುಗಳನ್ನು ಕ್ರಮಬದ್ಧವಾಗಿ ವಿಲೇವಾರಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ನೀರಿನ ಮಿತವ್ಯಯವನ್ನೂ ಮರೆಯುವಂತಿಲ್ಲ. ೨೦೨೪ರ ಮಾರ್ಚಿಯಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಲಿ ಸಾರಿದ್ದು ಎಲ್ಲರಿಗೂ ನೆನಪಿದೆ. ಕಾರಿನ ಹೊರಮೈಗೆ ಪೈಪು ಬಿಟ್ಟು ಸುರಿಯುವ ನೀರಿಗೆ ಹೋಲಿಸಿದರೆ ಒಳಮೈಯನ್ನು ಶುದ್ಧಿಮಾಡಲು ಬೇಕಾಗುವುದು ಕೆಲವು ಬಕೆಟ್ಟು ಮಾತ್ರ.

ಭಾನುವಾರದ ಹೊಸ ಪದ್ಧತಿ

ನಮ್ಮ ಕುಟುಂಬ ಮೈಸೂರನ್ನು ಕಂಡದ್ದು ಮುಂದಿನ ತಿಂಗಳು. ಸಿಲಿಂಡರಿನ ತಲೆ ಸೊಟ್ಟಗಾಗದೆ ಉಳಿದದ್ದು, ಮುಳ್ಳು ಕೆಂಪಿಗೆ ಬಂದೊಡನೆ ಕಾರನ್ನು ನಿಲ್ಲಿಸಿದ್ದರಿಂದ. ಇನ್ನೈದು ಮೈಲಿ ಹೋಗಿ ಬಿಡದಿಯಲ್ಲಿ ನೋಡೋಣವೆಂದಿದ್ದರೆ ಕ್ಲಿಪ್ಪಿನ ಬೆಲೆಯಲ್ಲಿ ಮುಗಿಯಬೇಕಾದದ್ದು ಇಂಜಿನ್ನಿನ ಬೆಲೆಗೆ ಏರುತ್ತಿತ್ತು.

ಅಜ್ಜನವರು ಭಾನುವಾರದ ಪರಿಪಾಠವನ್ನು ಬಿಟ್ಟಿಲ್ಲ. ಈಗಲೂ ಸ್ನಾನಕ್ಕೆ ಮೊದಲು ಬಾನೆಟ್ ಎತ್ತುತ್ತಾರೆ. ಆದರೆ ಕೈಯಲ್ಲಿ ತಂಬಿಗೆಯಿಲ್ಲ, ಕನ್ನಡಕವಿದೆ. ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಕೂಲೆಂಟ್ ಎಲ್ಲಿ ನಿಂತಿದೆಯೆಂದು ನೋಡುತ್ತಾರೆ. ಬಣ್ಣ ತಿಳಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುತ್ತಾಳೆ. ಮಟ್ಟ ಇಳಿದಿದ್ದರೆ ಹೊಯ್ಯುವುದು ಬಟ್ಟಿ ನೀರಿನಲ್ಲಿ ಬೆರೆಸಿದ ಅದೇ ಜಾತಿಯ ಕೂಲೆಂಟನ್ನು. ಎರಡನೆಯ ವಾರವೂ ಇಳಿದರೆ ಗ್ಯಾರೇಜಿಗೆ ಸುದ್ದಿ.

ಬೋರಿನ ನೀರಿನ ತಂಬಿಗೆ ಈಗ ಅಂಗಳದ ತುಳಸಿಗೆ ಮೀಸಲು.